ಡ್ರೈ ಡೇ ದಿನ ಫಿಟ್ಸ್: ಕುಡಿತ ಬಿಡಿಸುವಾಗ ಯಾರನ್ನು ಕ್ಯಾಂಪಲ್ಲಿ ಇಟ್ಕೋಬಹುದು, ಯಾರನ್ನು ಆಸ್ಪತ್ರೆಗೆ?

ಹಿಂಜವಡಿ ಸೂಪರ್‌ವೈಸರ್
ನಮಸ್ಕಾರ್ರಿ. ಇಲ್ಲಿ ಪುಣೆ ಹತ್ರ ಹಿಂಜವಡಿ ಲೇಬರ್ ಕ್ಯಾಂಪದಾಗ ಯಾದಗಿರಿ, ಕಲಬುರಗಿ ಕಡೆ ಮಂದಿ ಭಾಳ. ದಿನಾ ಎರಡು-ಮೂರು ಕ್ವಾರ್ಟರ್ ದೇಶಿ ದಾರೂ ಹಾಕೋರು ಅದಾರ. ಇಲೆಕ್ಷನ್ ಬಂದ್ರ ಮತದಾನ ಮುಗಿಯೋ ತನಕ 48 ತಾಸು ದಾರೂ ಅಂಗಡಿ ಬಂದ್, ಅದಕ್ಕ ಡ್ರೈ ಡೇ ಅಂತಾರ. ಆವಾಗ ಕೆಲವ್ರಿಗೆ ಕೈ ನಡುಗತಾವು, ಫಿಟ್ಸೂ ಬರ್ತಾವು. ಅದ ವೇಳ್ಯಾ ನೋಡಿ ಕುಡಿಯೂದು ಬಿಡಸೋಣು ಅಂತ ಕನ್ನಡ ಸಂಘದವ್ರ ವಿಚಾರ. ಯಾರನ್ನ ಕ್ಯಾಂಪದಾಗ ಇಟ್ಕೊಂಡು ಬಿಡಸಬಹುದು? ಊಟದಾಗ ಗೊತ್ತಾಗದಂಗ ಗುಳಿಗಿ ಹಾಕೂದು ಸರಿ ಏನ್ರಿ? ಬಿಟ್ಟ ಮ್ಯಾಲೆ ಮತ್ತ ಹಿಡೀದಂಗ ಏನ ಕೊಡ್ತಾರ?

ವಾರ್ಡ್ ಸಿಸ್ಟರ್, ಪರೇಲ್
ಅಂಗಡಿ ಮುಚ್ಚಿದ್ದಕ್ಕೇ ಫಿಟ್ಸ್ ಬಂದವರನ್ನು ಕ್ಯಾಂಪಲ್ಲಿ ಬಿಡಿಸಲೇಬೇಡಿ. ಒಮ್ಮೆ ಬಂದವರಿಗೆ ಮತ್ತೆ ಬರುವುದು ಹೆಚ್ಚು. ಬೆಳಗ್ಗೆ ಒಂದು ಗುಟುಕು ಹಾಕದೆ ಕೈ ನಿಲ್ಲದವರು, ಹಿಂದೆ ಬಿಟ್ಟಾಗ ಇಲ್ಲದವರು ಕಂಡಂತೆ ಬಡಬಡಿಸಿದವರು, ಕಾಮಾಲೆ, ಜ್ವರ, ತಲೆಗೆ ಪೆಟ್ಟು ಇರುವವರು ಕೂಡ ಆಸ್ಪತ್ರೆಗೇ.

ಕೊನೆಯ ಗ್ಲಾಸಿನಿಂದ 6-8 ಗಂಟೆಗೆ ನಡುಕ, ಬೆವರು, ವಾಂತಿ ಶುರು. ಫಿಟ್ಸ್ ಹೆಚ್ಚಾಗಿ 12ರಿಂದ 48 ಗಂಟೆಯೊಳಗೆ. ನಿಜವಾದ ಗಂಡಾಂತರ 48ರಿಂದ 96 ಗಂಟೆ ನಡುವಿನ ಡಿಟಿ (ಡೆಲಿರಿಯಂ ಟ್ರೆಮೆನ್ಸ್): ದಿಕ್ಕು ತಪ್ಪುವುದು, ಮೈ ಸುಡುವುದು, ಎದೆಬಡಿತ ಏರುವುದು. ಎರಡು ದಿನ ದಾಟಿತು, ಗೆದ್ದೆವು ಅಂತ ಎಲ್ಲರೂ ಮಲಗಿಬಿಡುವುದು ಸರಿಯಾಗಿ ಈ ಹೊತ್ತಿಗೇ. ವರ್ಷಗಟ್ಟಲೆ ಹೆಂಡ ಒತ್ತಿ ಹಿಡಿದ ಮೆದುಳು ಅದಕ್ಕೆ ಎದುರಾಗಿ ತನ್ನ ಚುರುಕನ್ನು ಏರಿಸಿಕೊಂಡಿರುತ್ತದೆ. ಹೆಂಡದ ಆ ಒತ್ತು ತಟ್ಟನೆ ಹೋದರೆ ಆ ಚುರುಕಿಗೆ ಕಡಿವಾಣ ಇಲ್ಲ. ಅದಕ್ಕೇ ಡಾಕ್ಟರು ಮೆದುಳನ್ನು ಶಾಂತ ಮಾಡುವ ಲಿಬ್ರಿಯಂ ಅಥವಾ ಡಯಾಜಿಪಾಮ್ ಕೊಟ್ಟು 5-7 ದಿನದಲ್ಲಿ ಡೋಸ್ ಇಳಿಸುತ್ತಾ ನಿಲ್ಲಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜಿಪಾಮ್. ಇವನ್ನು ಮೆಡಿಕಲ್‌ನಿಂದ ತಂದು ಹಂಚಬೇಡಿ. ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು.

ಇನ್ನೊಂದು. ಸುಸ್ತು ಅಂತ ಸಣ್ಣ ಕ್ಲಿನಿಕ್ಕಿಗೆ ಹೋದರೆ ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಕುಡಿಯುವವರಲ್ಲಿ ಬಿ1 (ಥಯಾಮಿನ್) ಮೊದಲೇ ಕಮ್ಮಿ, ಗ್ಲೂಕೋಸ್ ಉಳಿದದ್ದನ್ನೂ ಖಾಲಿ ಮಾಡಿ ಮೆದುಳಿಗೆ ಹಾನಿ ಮಾಡಬಹುದು. ಥಯಾಮಿನ್ ಇಂಜೆಕ್ಷನ್ ಮೊದಲು ಕೊಡಿ ಅಂತ ಬಾಯಿಬಿಟ್ಟು ಕೇಳಿ.

ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಮೂಗಿಗೆ ಚಪ್ಪಲಿ, ಬಾಯಿಗೆ ಚಮಚ ಯಾವುದೂ ಬೇಡ. ಕುಡಿತ ಬಿಟ್ಟಾಗಿನ ಫಿಟ್ಸ್ ಆದರೆ ನಿಂತರೂ 108ಕ್ಕೆ ಫೋನ್ ಮಾಡಿ.

ಔಷಧಿ ಅಂಗಡಿ, ಪಿಂಪ್ರಿ
ಊಟದಲ್ಲಿ ಹಾಕುವ ಗುಳಿಗೆ ಅಂದರೆ ಸಾಮಾನ್ಯವಾಗಿ ಡೈಸಲ್ಫಿರಾಮ್. ಹೆಂಡ ಒಡೆದು ಬರುವ ಅಸಿಟಾಲ್ಡಿಹೈಡ್ ಮುಂದೆ ಕರಗದಂತೆ ಅದು ತಡೆಯುತ್ತದೆ. ಕುಡಿದರೆ ಮುಖ ಕೆಂಪು, ವಾಂತಿ, ಬಿಪಿ ಕುಸಿತ. ಹೃದಯದ ತೊಂದರೆ ಇದ್ದವರು ಸತ್ತೇ ಹೋಗಬಹುದು. ಗೊತ್ತಿಲ್ಲದವನು ಕುಡಿದೇ ಕುಡಿಯುತ್ತಾನೆ. ಹಾಗಾಗಿ ಕದ್ದು ಕೊಡುವುದು ಔಷಧಿಯಲ್ಲ, ವಿಷಪ್ರಾಶನ. ಅವನೇ ಒಪ್ಪಿ, ಕುಡಿದು 12 ಗಂಟೆಯಾದರೂ ಕಳೆದ ಮೇಲೆ, ಲಿವರ್ ಟೆಸ್ಟ್ ನೋಡಿ, ದಿನಾ ಒಬ್ಬರ ಎದುರು ನುಂಗಿದರೆ ಕೆಲಸ ಮಾಡುತ್ತದೆ. ನಿಲ್ಲಿಸಿದ ಮೇಲೂ ಎರಡು ವಾರ ಕುಡಿಯುವಂತಿಲ್ಲ. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ಪೂ ಬೇಡ.

ಆಸೆ ತಗ್ಗಿಸುವುದಕ್ಕೆ ಬೇರೆ ಇವೆ. ನಾಲ್‌ಟ್ರೆಕ್ಸೋನ್ 50 ಮಿ.ಗ್ರಾಂ ದಿನಕ್ಕೊಂದು. ಟ್ರಮಡಾಲ್ ನೋವಿನ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನ ಚಟ ಜೊತೆಗಿದ್ದರೆ ಅದನ್ನು ಬಿಟ್ಟು 7-10 ದಿನ ಆಗಿರಬೇಕು, ಇಲ್ಲವೆಂದರೆ ಗುಳಿಗೆಯೇ ವಿತ್‌ಡ್ರಾವಲ್ (ಚಟ ತಟ್ಟನೆ ಬಿಟ್ಟಾಗಿನ ಸಂಕಟ) ತರುತ್ತದೆ. ಅಕಾಂಪ್ರೊಸೇಟ್ ಲಿವರ್‌ಗೆ ಹಗುರ, ಕಿಡ್ನಿ ನೋಡಬೇಕು. ಆದರೆ 333 ಮಿ.ಗ್ರಾಂನ ಎರಡೆರಡು ಗುಳಿಗೆ ದಿನಕ್ಕೆ ಮೂರು ಸಲ. ಸೈಟಲ್ಲಿ ದುಡಿಯುವವರು ಮಧ್ಯಾಹ್ನದ್ದನ್ನು ಮರೆಯುತ್ತಾರೆ. ದಿನಕ್ಕೊಂದೇ ಇರುವ ನಾಲ್‌ಟ್ರೆಕ್ಸೋನ್ ಅವರಿಗೆ ವಾಸಿ.

ವಾಸ್ಕೋ ಕನ್ನಡಿಗ
ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಲಿಸಬೇಡಿ. ಕುಡಿತದ ಮಟ್ಟ ಅಳೆಯುವುದಕ್ಕೆ ಆಡಿಟ್ ಅಂತ 10 ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 40 ಅಂಕ. 20 ಅಥವಾ ಹೆಚ್ಚು ಬಂದವರನ್ನು ಡಾಕ್ಟರಿಗೆ ತೋರಿಸಿ. ಅದಕ್ಕಿಂತ ಕೆಳಗಿನವರಿಗೆ ಮಾತುಕತೆಯೇ ಸಾಕಾಗಬಹುದು. ಗೋವಾದ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆಯವರು 12-19 ಅಂಕದ ಗಂಡಸರಿಗೆ ಇದನ್ನೇ ಮಾಡಿ ನೋಡಿದರು. ಡಾಕ್ಟರಲ್ಲ, ತರಬೇತಿ ಪಡೆದ ಸಾಮಾನ್ಯ ಜನರೇ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿದ್ದು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರು ತಿಂಗಳಿಗೆ 36% ಜನ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ಮಾಮೂಲಿ ಆರೈಕೆಯವರಲ್ಲಿ 26%. ಭಾಷಣದ ಶಿಬಿರಕ್ಕಿಂತ ಸಂಘದ ಇಬ್ಬರಿಗೆ ಇಂಥ ತರಬೇತಿ ಕೊಡಿಸುವುದು ಮೇಲು.

ಹಿಂಜವಡಿ ಸೂಪರ್‌ವೈಸರ್
ಕ್ಯಾಂಪದಾಗ ಉಳಿದವ್ರನ್ನ ಮೊದಲ ಮೂರು ದಿನ ಕೆಲಸಕ್ಕ ಹಚ್ಚಬಹುದೇನ್ರಿ ಸಿಸ್ಟರ್?

ವಾರ್ಡ್ ಸಿಸ್ಟರ್, ಪರೇಲ್
ಎತ್ತರದ ಕೆಲಸ, ಕಟ್ಟಿಂಗ್ ಮಷಿನ್ ಐದು ದಿನ ಬೇಡ. ರಾತ್ರಿ ಒಬ್ಬರು ಜೊತೆಗಿರಲಿ. ಕೈ ಚಾಚಿಸಿ ನಡುಕ ನೋಡಿ, ಇವತ್ತು ಯಾವ ವಾರ, ಎಲ್ಲಿದ್ದೀಯ ಅಂತ ಕೇಳಿ. ತಪ್ಪು ಹೇಳಿದರೆ ಬೆಳಗಾಗಲಿ ಅಂತ ಕಾಯಬೇಡಿ. ಡ್ರೈ ಡೇಗೆ ವಾರ ಮೊದಲೇ ಪಟ್ಟಿ ಮಾಡಿ, ಗಟ್ಟಿ ಕುಡುಕರನ್ನು ಪುಣೆಯ ಸಸೂನ್ ಆಸ್ಪತ್ರೆಯ ಮನೋರೋಗ ಓಪಿಡಿಗೆ ತೋರಿಸಿಬಿಡಿ. ಮರಾಠಿ ಬಾರದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡವೂ ಇದೆ.