ಕಡಿದಾದ ಏರಿಗೆ ಯಾವ ಗೇರ್ ಹಾಕ್ಸೋದು?

ಪ್ರಶ್ನೆ: ನನ್ ರೋಡ್ ಸೈಕಲಲ್ಲಿ ಮುಂದಿನ ಎರಡು ಗೇರ್ ಚಕ್ರಕ್ಕೆ 50/34 ಹಲ್ಲು, ಹಿಂದಿನವಕ್ಕೆ 11ರಿಂದ 28 ಹಲ್ಲು (11-28) ಇದೆ, ಏರಲ್ಲಿ ಎಲ್ಲಕ್ಕಿಂತ ಹಗುರ ಗೇರಿಗೆ ಹಾಕಿದ್ರೂ ತುಳಿಯೋಕಾಗಲ್ಲ ಮಂಡಿ ನೋವು ಬರ್ತಿದೆ, ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಸೆಟ್) ಬದಲಾಯಿಸಿದ್ರೆ ಸಾಕಾ ಇಲ್ಲಾ ಕ್ರ್ಯಾಂಕೂ (ಪೆಡಲ್ ಜೊತೆಗಿರೋ ಮುಂದಿನ ಸೆಟ್) ಬೇಕಾ?

ಉತ್ತರ 1: ಮೊದ್ಲು ಕ್ಯಾಸೆಟ್ಟೇ ನೋಡಿ. ಈಗ ನಿಮ್ಮ ಹಗುರ ಗೇರ್ ಮುಂದೆ 34, ಹಿಂದೆ 28, ಪೆಡಲ್ ಒಂದು ಸುತ್ತಿಗೆ ಚಕ್ರ 1.21 ಸುತ್ತು ಹೋಗತ್ತೆ, 11-34 ಹಾಕಿದ್ರೆ ಸರಿಯಾಗಿ 1 ಸುತ್ತು, ಅಂದ್ರೆ ಸುಮಾರು 18% ಹಗುರ, ಮಂಡಿಗೆ ಅದು ದೊಡ್ಡ ವ್ಯತ್ಯಾಸಾನೇ. ಆದ್ರೆ ನಿಮ್ಮ ಹಿಂದಿನ ಡಿರೈಲರ್ (ಚೈನನ್ನ ಒಂದು ಗೇರಿಂದ ಇನ್ನೊಂದಕ್ಕೆ ಸರಿಸೋ ಭಾಗ) 34 ಹಲ್ಲು ತಗೊಳ್ಳತ್ತಾ ನೋಡ್ಕೊಳ್ಳಿ, ಅದರ ಕೇಜ್ (ಚೈನ್ ಹಿಡಿಯೋ ತೋಳು) ಚಿಕ್ಕದಾದ್ರೆ ಸಾಮಾನ್ಯವಾಗಿ ಆಗಲ್ಲ.

ಉತ್ತರ 2: ಚೈನ್ ಮರೀಬೇಡಿ ದಯವಿಟ್ಟು, ದೊಡ್ಡ ಕ್ಯಾಸೆಟ್ಟಿಗೆ ಈಗಿನ ಚೈನ್ ಗಿಡ್ಡ ಆಗಬಹುದು! ಗಿಡ್ಡ ಚೈನಲ್ಲಿ ಮುಂದೆ ಹಿಂದೆ ಎರಡೂ ದೊಡ್ಡದಕ್ಕೆ ಹಾಕ್ಬಿಟ್ರೆ ಡಿರೈಲರ್ರೇ ಕಿತ್ಕೊಂಡ್ ಬರಬಹುದು.

ಉತ್ತರ 3: ಅದೂ ಸಾಲ್ದಿದ್ರೆ ಆಮೇಲೆ 46/30 ಕ್ರ್ಯಾಂಕ್ ಯೋಚ್ನೆ ಮಾಡಿ, ಇಳಿಜಾರಲ್ಲಿ ಟಾಪ್ ಸ್ಪೀಡ್ ಸ್ವಲ್ಪ ಕಮ್ಮಿ ಆಗತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ.