ಅಪ್‌ಡೇಟ್: ಸ್ವೀಡನ್ ಗೆಳತಿಯ ಓಸಿಐ ಮತ್ತು ಮಂಗಳೂರಿನ ಹಳೇ ಕಡತ

ಎಂಬತ್ತರ ದಶಕದ ಶುರುವಲ್ಲಿ ಮಂಗಳೂರಿನಿಂದ ಸ್ವೀಡನ್ನಿಗೆ ದತ್ತು ಹೋದ ಗೆಳತಿಗೆ ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಸಿಗುತ್ತದಾ, ಅವಳ ಪರವಾಗಿ ನಾನೇ ಹೆತ್ತವರನ್ನು ಹುಡುಕಬಹುದಾ ಅಂತ ಕೇಳಿದ್ದೆ.

ಕಾರ್ಡ್ ಬಂತು. ಮಗುವಾಗಿದ್ದಾಗ ಅವಳು ಹೊರಟದ್ದು ಭಾರತೀಯ ಪಾಸ್‌ಪೋರ್ಟಿನಲ್ಲಿ. ಸಾಕಿದಮ್ಮ, ಪುಣ್ಯಾತ್ಗಿತ್ತಿ, ಅದನ್ನು ಜೋಪಾನವಾಗಿ ಇಟ್ಟಿದ್ದರು, ಅವಳು ಭಾರತದ ಪ್ರಜೆಯಾಗಿದ್ದಳು ಅನ್ನುವುದಕ್ಕೆ ಅದೇ ಪುರಾವೆ. ಈ ಕಾರ್ಡಿದ್ದರೂ ವೋಟಿಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ವೀಸಾದ ರಗಳೆಯಂತೂ ತಪ್ಪಿತು.

ಹುಡುಕಾಟಕ್ಕೆ ಮೂರನೆಯವರನ್ನು ದತ್ತು ನಿಯಮಾವಳಿ ಒಪ್ಪುವುದಿಲ್ಲ, ಅವಳೇ ಅರ್ಜಿ ಹಾಕಬೇಕಾಯಿತು. ಅವಳದು, ವಿದೇಶಿ ದತ್ತಿಗೆ ಸುಪ್ರೀಂ ಕೋರ್ಟು ನಿಯಮ ಹಾಕಿಕೊಟ್ಟ 1984ರ ಲಕ್ಷ್ಮೀಕಾಂತ ಪಾಂಡೆ ತೀರ್ಪಿಗೂ ಹಿಂದಿನ ಪ್ರಕರಣ. ಆಗ 1890ರ ಪಾಲಕರ ಕಾಯ್ದೆಯಡಿ (ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್) ಕೋರ್ಟು ವಿದೇಶಿಯರಿಗೆ ಮಗುವಿನ ಪಾಲಕತ್ವವನ್ನಷ್ಟೇ ಕೊಡುತ್ತಿತ್ತು, ದತ್ತು ಆಗುತ್ತಿದ್ದದ್ದು ಅವರ ದೇಶದಲ್ಲಿ. ಕೋರ್ಟಿನ ಆದೇಶದ ಪ್ರತಿ ಸಿಕ್ಕಿದೆ. ಹೆತ್ತ ತಾಯಿಯ ಹೆಸರು ಅದರಲ್ಲಿಲ್ಲ.

ಅವಳು ಉಡುಪಿಯ ನಮ್ಮ ಮನೆಗೆ ಬಂದಾಗ ಅತ್ತೆ, ಮುಖ ನೋಡಿದ್ದೇ, ‘ನಿಮ್ಮದು ಯಾವ ಬರಿ?’ ಅಂದುಬಿಟ್ಟರು. ಬರಿ ಅಂದರೆ ತುಳುನಾಡಿನ ಕುಲದ ಹೆಸರು, ಅದು ಬರುವುದು ತಾಯಿ ಕಡೆಯಿಂದ! ನನಗೆ ಮುಜುಗರ, ಅವಳು ಮಾತ್ರ, ‘ಊರು ಇದೇ, ದೇಶ ಸ್ವೀಡನ್, ಬರಿ ನೀವೇ ಕೊಡಿ ಅತ್ತೆ’ ಅಂತ ನಕ್ಕಳು. ತಾನು ಅರ್ಧ ಭಾರತೀಯಳು ಅನ್ನುವ ಮಾತು ಅವಳಿಗೆ ಹಿಡಿಸುವುದಿಲ್ಲ.

ಡಿಎನ್‌ಎ ಪರೀಕ್ಷೆ ಸದ್ಯಕ್ಕೆ ಬೇಡವಂತೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.