ಪದಚರ್ಚೆ: ಮಕ್ಕಳ ಕಪಾಟಿಗೆ ‘ಪತ್ತೇದಾರಿ’ಯಲ್ಲದ ಹೆಸರು ಬೇಕು

ಪ್ರಶ್ನೆ:

ಮಾನ್ಯರೆ, ನಮ್ಮ ಬಡಾವಣೆಯ ವಾಚನಾಲಯದಲ್ಲಿ 7ರಿಂದ 10 ವರ್ಷದ ಮಕ್ಕಳಿಗಾಗಿ ಒಂದು ಕಪಾಟನ್ನು ಬೇರೆ ಮಾಡಿದ್ದೇವೆ. ಕೊಲೆ, ರಕ್ತ, ಪಿಸ್ತೂಲುಗಳ ಸೋಂಕಿಲ್ಲದೆ, ಕಾಣೆಯಾದ ಬೆಕ್ಕನ್ನೋ ರಾತ್ರೋರಾತ್ರಿ ಖಾಲಿಯಾದ ಚಕ್ಕುಲಿ ಡಬ್ಬಿಯನ್ನೋ ಕುರಿತು ಮಕ್ಕಳೇ ವಿಚಾರಣೆ ನಡೆಸುವ ಕಿರುಕಾದಂಬರಿಗಳು ಅದರಲ್ಲಿರುತ್ತವೆ. ಡೊನಾಲ್ಡ್ ಸೋಬೊಲ್ 1963ರಲ್ಲಿ ಆರಂಭಿಸಿದ ‘ಎನ್‌ಸೈಕ್ಲೊಪೀಡಿಯಾ ಬ್ರೌನ್’ ಮಾಲೆಯನ್ನು ಬಲ್ಲವರಿಗೆ ಈ ಬಗೆ ಪರಿಚಿತ: ಹುಡುಗನೊಬ್ಬ ಮನೆಯ ಗ್ಯಾರೇಜಿನಲ್ಲಿ ಕಚೇರಿ ತೆರೆದು ದಿನಕ್ಕೆ 25 ಸೆಂಟ್ ಶುಲ್ಕ ಪಡೆಯುತ್ತಾನೆ, ಅವನಿಗೆ ನಿಜ ಹೇಗೆ ಹೊಳೆಯಿತೆಂಬ ವಿವರಣೆ ಪುಸ್ತಕದ ಕೊನೆಯಲ್ಲಿರುವುದರಿಂದ, ಓದುವ ಮಗು ಅದಕ್ಕೂ ಮೊದಲು ತಾನೇ ಯೋಚಿಸಿ ನೋಡಬಹುದು. ಫಲಕ ಬರೆಯುವವರಿಗೆ ಶುಕ್ರವಾರದೊಳಗೆ ಹೆಸರು ತಿಳಿಸಬೇಕಾಗಿದೆ. ‘ಪತ್ತೇದಾರಿ’ ಎಂದೊಡನೆ ತಂದೆತಾಯಿಯರು ಹೆಣ ಬಿದ್ದಿರುವ ಮುಖಪುಟವನ್ನು ನೆನೆಯುತ್ತಾರೆ. ‘ನಿಗೂಢ’, ‘ರಹಸ್ಯ’ ಎಂಬವು ಎರಡನೆಯ ತರಗತಿಯವರಿಗೆ ಭಾರ. ದಯವಿಟ್ಟು ಸೂಚಿಸಿ.

ಮೊದಲ ಉತ್ತರ:

ಇರುವ ಪದವನ್ನು ಬಿಟ್ಟು ಇಲ್ಲದ ಪದವನ್ನು ಹುಡುಕುವುದೇಕೆಂದು ನನಗೆ ತಿಳಿಯುವುದಿಲ್ಲ. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಶಾಲೆಯ ಪಾಠವನ್ನೇ ಓದದವರಿಗೂ ಓದುವ ರುಚಿ ಹತ್ತಿಸಿದರು. ಮುಖಪುಟದ ಚಿತ್ರಗಾರ ಮಾಡಿದ ತಪ್ಪಿಗೆ ಪದ ಹೊಣೆಯಲ್ಲ. ‘ಮಕ್ಕಳ ಪತ್ತೇದಾರಿ’ ಎಂದು ಬರೆಯಿಸಿ, ಸಾಕು.

ಎರಡನೆಯ ಉತ್ತರ:

ಸಾಲದು. ಪತ್ತೇದಾರ, ತಹಸೀಲ್ದಾರ, ಶಿರಸ್ತೇದಾರ, ಹವಾಲ್ದಾರ ಇವೆಲ್ಲವುಗಳ ಬಾಲದಲ್ಲಿರುವ ‘ದಾರ’ವು ಪಾರಸಿಯದು, ಹೊಂದಿರುವವನು, ಹಿಡಿದಿರುವವನು ಎಂಬುದು ಅದರ ಅರ್ಥ. ಪತ್ತೇದಾರಿ ಎಂಬುದು ಅವನ ಕೆಲಸವೇ ಹೊರತು ವ್ಯಕ್ತಿಯಲ್ಲವೆಂಬುದನ್ನೂ ಈಗಿನವರು ಮರೆತಿದ್ದಾರೆ. ನಮ್ಮಲ್ಲಿ ‘ಬೇಹು’ ಎಂಬ ಹಳೆಯ ಪದವಿದೆ. ತಮಿಳಿನ ‘ವೇಯ್’, ತೆಲುಗಿನ ‘ವೇಗು’ ಇದರ ಒಡಹುಟ್ಟುಗಳು. ತಮಿಳಿನ ‘ವಿಲ್’ ನಮ್ಮಲ್ಲಿ ‘ಬಿಲ್ಲು’ ಆದಂತೆಯೇ, ‘ವೇರ್’ ಎಂಬುದು ‘ಬೇರು’ ಆದಂತೆಯೇ ಇಲ್ಲಿಯೂ ವಕಾರಕ್ಕೆ ಬಕಾರ ನಿಂತಿದೆ. ಇಂಥ ಪದವು ಮನೆಯಲ್ಲಿರುವಾಗ ಎರವಲಿಗೆ ಕೈಯೊಡ್ಡುವುದು ನಾಚಿಕೆಯ ಸಂಗತಿ. ‘ಬೇಹಿನ ಕತೆಗಳು’ ಎಂದಾಗಲಿ.

ಮೊದಲನೆಯವರಿಂದ:

ಬೇಹುಗಾರನು ಅರಸನ ಕೂಲಿಗೆ ಹಗೆಯ ಪಾಳೆಯದೊಳಗೆ ನುಸುಳುವವನು. ಪಕ್ಕದ ಮನೆಯವರ ಬೆಕ್ಕನ್ನು ಹುಡುಕಿಕೊಡುವ ಹುಡುಗಿಯನ್ನು ಬೇಹುಗಾರ್ತಿ ಎನ್ನುವುದಾದರೆ, ಆ ಬೆಕ್ಕು ಯಾವ ರಾಜ್ಯದ ಗುಟ್ಟನ್ನು ಕದ್ದಿತ್ತೆಂಬುದನ್ನೂ ತಾವೇ ತಿಳಿಸಬೇಕು. ಅಲ್ಲದೆ ‘ಬೇಹುಗಾರ’ದ ‘ಗಾರ’ವೇ ಸಂಸ್ಕೃತದ ‘ಕಾರ’ದಿಂದ ಬಂದಿತೆಂದು ಹೇಳುವವರಿದ್ದಾರೆ.

ಎರಡನೆಯವರಿಂದ:

ಬಳೆಗಾರನ ‘ಗಾರ’ ಕನ್ನಡದ ತದ್ಧಿತ ಪ್ರತ್ಯಯ. ಈ ವಿಷಯದಲ್ಲಿ ಚರ್ಚೆಗೆ ಅವಕಾಶವಿಲ್ಲ.

ಮೂರನೆಯ ಉತ್ತರ:

ಪ್ರಶ್ನೆ ಕೇಳಿದವರಿಗೆ ಬೇಕಾಗಿರುವುದು ಪ್ರತ್ಯಯದ ವಂಶಾವಳಿಯಲ್ಲ, ಫಲಕ. ಈ ಪುಸ್ತಕಗಳಲ್ಲಿ ಮುಖ್ಯವಾದುದು ಪತ್ತೆ ಮಾಡುವ ವ್ಯಕ್ತಿಯಲ್ಲ; ಒದ್ದೆ ಹೆಜ್ಜೆಗುರುತು, ಕಿತ್ತುಹೋದ ಗುಂಡಿ, ಸುಳ್ಳು ಹೇಳಿದವನ ಒಂದು ಮಾತು ಇವುಗಳೇ ಮುಖ್ಯ. ಇವಕ್ಕೆ ನಾವು ದಿನವೂ ಬಳಸುವ ಪದ ‘ಸುಳಿವು’. ತಿಳಿ–ತಿಳಿವು, ಅಳಿ–ಅಳಿವು ಆದ ಹಾಗೆ ಸುಳಿ–ಸುಳಿವು. ಕಣ್ಣೆದುರು ಸುಳಿದು ಮರೆಯಾದುದರ ಗುರುತು ಎಂಬ ಧ್ವನಿ ಅದರೊಳಗಿದೆ. ‘ಗುಟ್ಟಿನ ಕತೆಗಳು’ ಎಂದು ಯಾರಾದರೂ ಹೇಳುವ ಮೊದಲೇ ಬೇಡವೆನ್ನುತ್ತೇನೆ, ಏಕೆಂದರೆ ಅಂಥ ಫಲಕದ ಕಪಾಟನ್ನು ದೊಡ್ಡವರು ಮಕ್ಕಳಿಗಿಂತ ಮೊದಲು ತೆರೆದು ನೋಡುತ್ತಾರೆ. ‘ಒಗಟು’ ಚೆಲುವಾದ ಪದವಾದರೂ ಮಗು ಅಲ್ಲಿ ಒಂದು ಸಾಲಿನ ಒಗಟುಗಳನ್ನೇ ಹುಡುಕೀತು. ‘ಸುಳಿವಿನ ಕತೆಗಳು’ ಎಂದು ಬರೆದರೆ ಒಂದೂ ಒತ್ತಕ್ಷರ ಬರುವುದಿಲ್ಲ.

ಎರಡನೆಯವರಿಂದ:

ಪದ ಒಪ್ಪಿಗೆ. ಆದರೆ ‘ಸುಳಿವುಗತೆ’ ಎಂದೇ ಆಗಬೇಕು. ‘ಕತೆ’ ಸಂಸ್ಕೃತದಿಂದ ಬಂದು ಕನ್ನಡಕ್ಕೆ ಒಗ್ಗಿದ ತದ್ಭವವಾದುದರಿಂದ, ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆಯುವ ಅರಿಸಮಾಸದ ದೋಷವಿಲ್ಲ, ಕಕಾರಕ್ಕೆ ಗಕಾರ ಆದೇಶವಾಗಿ ಬರುತ್ತದೆ.

ಮೊದಲನೆಯವರಿಂದ:

ಏಳು ವರ್ಷದ ಮಗುವಿಗೆ ಫಲಕದ ಮುಂದೆ ನಿಲ್ಲಿಸಿ ಆದೇಶಸಂಧಿಯನ್ನು ಬಿಡಿಸಲು ಹೇಳುವವರು ಯಾರು? ಅದು ಹಾಗಿರಲಿ, ‘ಕಥೆ’ ಎಂದು ಮಹಾಪ್ರಾಣದಿಂದಲೇ ಬರೆಯಬೇಕು. ಮಕ್ಕಳ ವಾಚನಾಲಯವೇ ಥಕಾರವನ್ನು ಕೈಬಿಟ್ಟರೆ ಅವರು ಅದನ್ನು ಎಲ್ಲಿ ಕಲಿಯಬೇಕು?

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. ಫಲಕ ಬರೆಯುವವರು ಗುರುವಾರವೇ ಬಂದುದರಿಂದ ‘ಸುಳಿವಿನ ಕತೆಗಳು’ ಎಂದು ಬರೆಯಿಸಿಯಾಯಿತು. ಹಲಗೆಯ ಅಗಲ ಒಂದೂವರೆ ಅಡಿ ಮಾತ್ರ ಇದ್ದುದರಿಂದ ಕೊನೆಯ ‘ಳು’ ಸ್ವಲ್ಪ ಸಣ್ಣದಾಗಿದೆ. ‘ಥ’ ಮತ್ತು ‘ತ’ಗಳ ವಿಷಯದಲ್ಲಿ ಅವರು ನನ್ನನ್ನು ಕೇಳಲಿಲ್ಲ, ತಮಗೆ ರೂಢಿಯಿದ್ದಂತೆ ಬರೆದರು.

ಮೊದಲನೆಯವರಿಂದ:

ಅವರ ರೂಢಿ ತಪ್ಪು.